ಹಳೆಯ ಆಲ್ಬಮ್, ಹೊಸ ಪೆಟ್ಟಿಗೆ: ರಾಕ್ ಮರುಬಿಡುಗಡೆಗಳ ಹೊದಿಕೆಯನ್ನು ಓದುವ ಬಗೆ

ಐವತ್ತು ವರ್ಷ ಹಿಂದಿನ ಒಂದು ರಾಕ್ ಆಲ್ಬಮನ್ನು ಈಗ ಕೊಳ್ಳಹೊರಟರೆ ಒಂದೇ ಹೆಸರಿನ, ಒಂದೇ ಮುಖಚಿತ್ರದ ಐದಾರು ವಸ್ತುಗಳು ಎದುರಿಗೆ ಬಂದು ನಿಲ್ಲುತ್ತವೆ. ರಟ್ಟಿನ ಮಡಿಕೆಯಲ್ಲಿ ಒಂದು ಸಿಡಿ, ಅದೇ ಸಿಡಿಯ ಜೊತೆಗೆ ಇನ್ನೊಂದು ಸೇರಿದ ಜೋಡಿ, ಒಂಟಿ ಎಲ್‌ಪಿ (ಸೂಜಿಯಿಟ್ಟು ನುಡಿಸುವ ದೊಡ್ಡ ತಟ್ಟೆ), ಬಣ್ಣದ ವಿನೈಲಿನ (ಎಲ್‌ಪಿ ಮಾಡುವ ಪ್ಲಾಸ್ಟಿಕ್ಕಿನ) ಎಲ್‌ಪಿ, ಕೊನೆಗೆ ಎರಡೂ ಕೈ ಹಾಕಿ ಎತ್ತಬೇಕಾದ ಪೆಟ್ಟಿಗೆ. ಬೆಲೆಗಳ ನಡುವೆ ಅಜಗಜಾಂತರ. ಮೇಲಿನ ಸ್ಟಿಕರ್‌ಗಳಲ್ಲಿ "ಡೀಲಕ್ಸ್", "ಸೂಪರ್ ಡೀಲಕ್ಸ್", "ರೀಮಾಸ್ಟರ್ಡ್", "180 ಗ್ರಾಂ", "ಹಾಫ್ ಸ್ಪೀಡ್" ಎಂಬ ಮಾತುಗಳು. ಇವುಗಳಲ್ಲಿ ಯಾವುದು ಹಾಡಿನ ಬಗ್ಗೆ ಹೇಳುತ್ತದೆ, ಯಾವುದು ರಟ್ಟಿನ ಬಗ್ಗೆ ಹೇಳುತ್ತದೆ ಎಂದು ಹೊಸಬರಿಗೆ ತಿಳಿಯುವುದು ಕಷ್ಟ.

ಈ ಗೊಂದಲ ಈಗ ಹೆಚ್ಚಾಗಲು ಎರಡು ಕಾರಣಗಳಿವೆ. 1960ರ ದಶಕದ ಕೊನೆಯ ಹೆಸರಾಂತ ಆಲ್ಬಮ್‌ಗಳಿಗೆ ಐವತ್ತು ತುಂಬಿದೆ, 1970ರ ದಶಕದವು ಒಂದೊಂದಾಗಿ ತುಂಬಿಸಿಕೊಳ್ಳುತ್ತಿವೆ. ಐವತ್ತು ಎಂದರೆ ಮರುಬಿಡುಗಡೆಗೆ ಸಿದ್ಧ ನೆಪ. ಜೊತೆಗೆ ವಿನೈಲ್ ಮರಳಿ ಬಂದಿದೆ. 2022ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಿನೈಲ್ ಆಲ್ಬಮ್‌ಗಳ ಸಂಖ್ಯೆ ಸಿಡಿಗಳ ಸಂಖ್ಯೆಯನ್ನು ದಾಟಿತು. 1987ರ ನಂತರ ಹೀಗಾದದ್ದು ಅದೇ ಮೊದಲು. ಕೊಳ್ಳುವವರಲ್ಲಿ ಮೊದಲ ಸಲ ಎಲ್‌ಪಿ ಕೈಗೆತ್ತಿಕೊಳ್ಳುತ್ತಿರುವವರೂ ಇದ್ದಾರೆ.

ಮರುಬಿಡುಗಡೆಯ ಹೊದಿಕೆಗೆ ಮೂರು ಕೆಲಸಗಳಿವೆ. ಹಳೆಯ ವಸ್ತುವನ್ನು ಮತ್ತೆ ಕಟ್ಟಿಕೊಡಬೇಕು, ಒಳಗೇನಿದೆ ಎಂದು ಹೇಳಬೇಕು, ತಟ್ಟೆಯನ್ನು ಕಾಪಾಡಬೇಕು. ಮೊದಲನೆಯದನ್ನು ಕಂಪನಿಗಳು ಬಹಳ ಮುತುವರ್ಜಿಯಿಂದ ಮಾಡುತ್ತವೆ. ಉಳಿದೆರಡರಲ್ಲಿ ಅಷ್ಟು ಉತ್ಸಾಹ ಕಾಣುವುದಿಲ್ಲ.

ಮೊದಲು ಮೂರು ಪದಗಳು

ಮರುಬಿಡುಗಡೆ, ರೀಮಾಸ್ಟರ್, ರೀಮಿಕ್ಸ್. ಈ ಮೂರನ್ನೂ ಒಂದೇ ಎಂಬಂತೆ ಬಳಸುವುದುಂಟು, ಆದರೆ ಮೂರೂ ಬೇರೆ.

ಮರುಬಿಡುಗಡೆ ಎಂದರೆ ಆಲ್ಬಮ್ ಮತ್ತೆ ಮಾರುಕಟ್ಟೆಗೆ ಬಂತು ಎಂದಷ್ಟೆ. ಧ್ವನಿಯಲ್ಲಿ ಏನೂ ಬದಲಾಗದೆಯೂ ಮರುಬಿಡುಗಡೆ ಆಗಬಹುದು.

ಉಳಿದೆರಡು ತಿಳಿಯಲು ಹಾಡು ತಯಾರಾಗುವ ಬಗೆ ಗೊತ್ತಿರಬೇಕು. ಸ್ಟುಡಿಯೋದಲ್ಲಿ ಡ್ರಮ್ಸ್, ಗಿಟಾರ್, ಕಂಠ ಎಲ್ಲವೂ ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ, ಅಂದರೆ ಟ್ರ್ಯಾಕ್‌ಗಳಲ್ಲಿ, ದಾಖಲಾಗುತ್ತವೆ. ಯಾವುದು ಎಷ್ಟು ಜೋರಾಗಿ, ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಿ ಅವನ್ನೆಲ್ಲ ಎರಡು ಟ್ರ್ಯಾಕ್‌ಗೆ ಇಳಿಸುವುದು ಮಿಕ್ಸಿಂಗ್. ಹೀಗೆ ಸಿದ್ಧವಾದ ಟೇಪನ್ನು ಎಲ್‌ಪಿಗೋ ಸಿಡಿಗೋ ಒಗ್ಗಿಸಿ, ಗಟ್ಟಿತನ ಮತ್ತು ಸ್ವರದ ತೂಕ ಸರಿಪಡಿಸುವ ಕೊನೆಯ ಹಂತ ಮಾಸ್ಟರಿಂಗ್. ಒಂದು ಗುಂಪು ಫೋಟೊ ಇದೆ ಎಂದುಕೊಳ್ಳಿ. ತೆಗೆದ ಫೋಟೊದ ಬೆಳಕು, ಬಣ್ಣ, ಗೀರುಗಳನ್ನು ಸರಿಮಾಡಿ ಮತ್ತೆ ಮುದ್ರಿಸಿದರೆ ಅದು ರೀಮಾಸ್ಟರ್. ಅದರಲ್ಲಿರುವ ಜನರನ್ನೇ ಹಿಂದೆ ಮುಂದೆ ಮಾಡಿ ನಿಲ್ಲಿಸಿದರೆ ಅದು ರೀಮಿಕ್ಸ್.

ಇದು ಹೊದಿಕೆಯ ವಿಷಯಕ್ಕೆ ಯಾಕೆ ಬೇಕು? ಮುಖಚಿತ್ರ ಒಂದೇ ಆಗಿದ್ದರೂ ಒಳಗಿನ ಹಾಡು ಬೇರೆಯಾಗಿರಬಹುದು ಎಂಬುದಕ್ಕೆ. ಬೀಟಲ್ಸ್ ತಂಡದ 1967ರ ಸಾರ್ಜೆಂಟ್ ಪೆಪ್ಪರ್ಸ್ ಆಲ್ಬಮ್ 2009ರಲ್ಲಿ ರೀಮಾಸ್ಟರ್ ಆಗಿ ಬಂತು. 2017ರಲ್ಲಿ ಜೈಲ್ಸ್ ಮಾರ್ಟಿನ್ ಮಾಡಿದ ರೀಮಿಕ್ಸ್ ಬಂತು. ಎರಡರ ಮೇಲೂ ಅದೇ ಬಣ್ಣಬಣ್ಣದ ಪಟಾಲಮ್ಮು, ಅದೇ ಹೂವು.

ಹೊದಿಕೆಗೆ ಈ ಮಹತ್ವ ಬಂದದ್ದು ಎಲ್ಲಿಂದ

1930ರ ದಶಕದ ಗ್ರಾಮಫೋನ್ ತಟ್ಟೆಗಳು ಬಹುತೇಕ ಬರೀ ಕಂದು ಕಾಗದದ ಲಕೋಟೆಗಳಲ್ಲಿ ಬರುತ್ತಿದ್ದವು. ಮುಖಪುಟಕ್ಕೆ ಚಿತ್ರ ಹಾಕಿದರೆ ಮಾರಾಟ ಹೆಚ್ಚುತ್ತದೆ ಎಂದು ತೋರಿಸಿಕೊಟ್ಟವನು ಅಮೆರಿಕದ ಕೊಲಂಬಿಯಾ ಕಂಪನಿಯ ಕಲಾ ನಿರ್ದೇಶಕ ಅಲೆಕ್ಸ್ ಸ್ಟೈನ್‌ವೈಸ್. ಅದು 1940ರ ಸುಮಾರಿನ ಮಾತು. 1948ರಲ್ಲಿ ಅದೇ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ಎಲ್‌ಪಿಯನ್ನು ತಂದಾಗ, ಅಡಿಗಿಂತ ತುಸು ಅಗಲದ ಚೌಕಾಕಾರದ ರಟ್ಟು ಕಲಾವಿದರ ಕೈಗೆ ಸಿಕ್ಕಿತು.

ರಾಕ್ ತಂಡಗಳು ಅದನ್ನು ಪೂರ್ತಿ ಬಳಸಿಕೊಂಡದ್ದು 1967ರ ನಂತರ. ಸಾರ್ಜೆಂಟ್ ಪೆಪ್ಪರ್ಸ್‌ನ ಮುಖಪುಟವನ್ನು ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ರೂಪಿಸಿದರು. ಪುಸ್ತಕದಂತೆ ತೆರೆದುಕೊಳ್ಳುವ ಗೇಟ್‌ಫೋಲ್ಡ್, ಹಿಂಬದಿಯಲ್ಲಿ ಹಾಡುಗಳ ಪೂರ್ತಿ ಸಾಹಿತ್ಯ, ಕತ್ತರಿಸಿಕೊಳ್ಳಲು ಮೀಸೆ ಮತ್ತು ಸೈನಿಕರ ತೋಳುಪಟ್ಟಿಗಳಿದ್ದ ಒಂದು ಹಾಳೆ. ಮುಂದಿನ ವರ್ಷ ಅದೇ ತಂಡ ತೀರಾ ವಿರುದ್ಧ ದಿಕ್ಕಿಗೆ ಹೋಯಿತು: ರಿಚರ್ಡ್ ಹ್ಯಾಮಿಲ್ಟನ್ ರೂಪಿಸಿದ ಅಚ್ಚ ಬಿಳಿ ಹೊದಿಕೆ, ಉಬ್ಬಿಸಿದ ಹೆಸರು, ಪ್ರತಿ ಪ್ರತಿಗೂ ಒಂದು ಕ್ರಮಸಂಖ್ಯೆ. ಆ ಸಂಖ್ಯೆಯ ಮೇಲಿನ ಮೋಹ ಎಲ್ಲಿಯವರೆಗೆ ಹೋಯಿತೆಂದರೆ, ರಿಂಗೋ ಸ್ಟಾರ್ ಬಳಿ ಇದ್ದ 0000001 ಸಂಖ್ಯೆಯ ಪ್ರತಿ 2015ರ ಹರಾಜಿನಲ್ಲಿ 7,90,000 ಡಾಲರಿಗೆ ಹೋಯಿತು.

ಆಮೇಲೆ ಪೈಪೋಟಿಯೇ ಶುರುವಾಯಿತು. ಸ್ಮಾಲ್ ಫೇಸಸ್ ತಂಡ 1968ರಲ್ಲಿ ತಂಬಾಕಿನ ಡಬ್ಬಿಯಂತೆ ಕಾಣುವ ದುಂಡನೆಯ ಹೊದಿಕೆ ತಂದಿತು. ದಿ ಹೂ ತಂಡದ 1970ರ ಲೈವ್ ಆಟ್ ಲೀಡ್ಸ್, ಕಳ್ಳ ಮುದ್ರಣದಂತೆ ಕಾಣಲೆಂದೇ ಕಂದು ರಟ್ಟಿನ ಮೇಲೆ ಬರೀ ಮೊಹರು ಒತ್ತಿಸಿಕೊಂಡು ಬಂತು. ಒಳಗೆ ತಂಡದ ಹಳೆಯ ಕಾಗದಪತ್ರಗಳ ನಕಲುಗಳು. ಅದೇ ವರ್ಷದ ಲೆಡ್ ಜೆಪ್ಲಿನ್ ತಂಡದ ಮೂರನೇ ಆಲ್ಬಮ್‌ನ ಮುಖಪುಟದಲ್ಲಿ ಅಲ್ಲಲ್ಲಿ ತೂತುಗಳಿದ್ದು, ಹಿಂದಿನ ರಟ್ಟಿನ ಚಕ್ರ ತಿರುಗಿಸಿದರೆ ತೂತಿನೊಳಗಿನ ಚಿತ್ರಗಳು ಬದಲಾಗುತ್ತಿದ್ದವು. ಜೆಥ್ರೊ ಟಲ್ ತಂಡ 1972ರ ಥಿಕ್ ಆಸ್ ಎ ಬ್ರಿಕ್‌ಗೆ ಹನ್ನೆರಡು ಪುಟಗಳ ಒಂದು ಕಾಲ್ಪನಿಕ ಊರಿನ ಪತ್ರಿಕೆಯನ್ನೇ ಹೊದಿಸಿತು.

ಇವುಗಳಲ್ಲಿ ಹೆಚ್ಚು ಹೇಳಬೇಕಾದ ಕಥೆ ರೋಲಿಂಗ್ ಸ್ಟೋನ್ಸ್ ತಂಡದ 1971ರ ಸ್ಟಿಕಿ ಫಿಂಗರ್ಸ್‌ನದು. ಜೀನ್ಸ್ ಪ್ಯಾಂಟಿನ ಚಿತ್ರದ ಮೇಲೆ ನಿಜವಾದ ಜಿಪ್ ಕೂರಿಸುವ ಯೋಚನೆ ಆಂಡಿ ವಾರ್ಹೋಲ್‌ನದು, ಅದನ್ನು ಕಾರ್ಖಾನೆಯಲ್ಲಿ ಸಾಧ್ಯವಾಗಿಸಿದವನು ಕ್ರೇಗ್ ಬ್ರಾನ್. ಪ್ರತಿಗಳನ್ನು ಒಂದರ ಮೇಲೊಂದು ಪೇರಿಸಿ ಸಾಗಿಸಿದಾಗ ಒಂದರ ಜಿಪ್ ಇನ್ನೊಂದರ ತಟ್ಟೆಗೆ ಒತ್ತಿ, ಒಂದು ಹಾಡಿನ ಜಾಗಕ್ಕೆ ಸರಿಯಾಗಿ ಪೆಟ್ಟು ಬೀಳುತ್ತಿತ್ತು. ಪರಿಹಾರ ಸರಳವಾಗಿತ್ತು. ಕಾರ್ಖಾನೆಯಿಂದ ಹೊರಡುವ ಮೊದಲೇ ಜಿಪ್ಪನ್ನು ಅರ್ಧಕ್ಕೆ ಎಳೆದಿಡುವುದು. ಆಗ ಉಬ್ಬು ತಟ್ಟೆಯ ನಡುವಿನ ಲೇಬಲ್ಲಿನ ಮೇಲೆ ಬೀಳುತ್ತದೆ, ಅಲ್ಲಿ ಹಾಡಿಲ್ಲ. ಹೊದಿಕೆಯ ಚಂದ ಮತ್ತು ತಟ್ಟೆಯ ಸುರಕ್ಷತೆ ಎದುರಾಬದುರಾಗಿ ನಿಲ್ಲುವುದು ಹೊಸ ಸಮಸ್ಯೆಯೇನಲ್ಲ.

ಸಿಡಿ ಬಂದು ಎಲ್ಲವೂ ಕುಗ್ಗಿದಾಗ

1982ರಲ್ಲಿ ಸಿಡಿ ಬಂತು. ತಟ್ಟೆಯ ಅಗಲ 12 ಸೆಂಟಿಮೀಟರ್. ಎಲ್‌ಪಿ ಹೊದಿಕೆಯ ಬದಿ ಸುಮಾರು 31 ಸೆಂಟಿಮೀಟರ್. ವಿಸ್ತೀರ್ಣ ಲೆಕ್ಕ ಹಾಕಿದರೆ ಮುಖಚಿತ್ರ ಆರೂವರೆ ಪಟ್ಟಿಗಿಂತ ಹೆಚ್ಚು ಚಿಕ್ಕದಾಯಿತು. ಫಿಲಿಪ್ಸ್ ಕಂಪನಿಯಲ್ಲಿ ರೂಪುಗೊಂಡ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅಂದರೆ ಜ್ಯುವೆಲ್ ಕೇಸ್, ಎಲ್ಲ ಆಲ್ಬಮ್‌ಗಳಿಗೂ ಒಂದೇ ಸಮವಸ್ತ್ರ ತೊಡಿಸಿತು. ಜಿಪ್ಪಿಗೆ ಜಾಗವಿಲ್ಲ. ಚಕ್ರ ತಿರುಗುವುದಿಲ್ಲ. ದುಂಡನೆಯ ಹೊದಿಕೆ ಚೌಕದೊಳಗಿನ ದುಂಡು ಚಿತ್ರವಾಯಿತು. ಹನ್ನೆರಡು ಪುಟಗಳ ಪತ್ರಿಕೆಯನ್ನು ಅಂಗೈ ಅಳತೆಗೆ ಇಳಿಸಿದರೆ ಅದನ್ನು ಓದಲು ಭೂತಗನ್ನಡಿ ಬೇಕು.

ಅಮೆರಿಕದ ಅಂಗಡಿಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅಲ್ಲಿನ ಕಪಾಟುಗಳು ಎಲ್‌ಪಿ ಅಳತೆಗೆ ಮಾಡಿದವು, ಚಿಕ್ಕ ಸಿಡಿಗಳನ್ನು ಜೇಬಿಗಿಳಿಸುವುದೂ ಸುಲಭ. ಹಾಗಾಗಿ ಸಿಡಿಯನ್ನು 12 ಇಂಚು ಎತ್ತರದ ಕಾಗದದ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಇದಕ್ಕೆ ಲಾಂಗ್‌ಬಾಕ್ಸ್ ಎಂದು ಹೆಸರು. ಮನೆಗೆ ಬಂದವರು ಅದನ್ನು ಹರಿದು ಎಸೆಯುತ್ತಿದ್ದರು. ಕಸದ ಬಗ್ಗೆ ಆಕ್ಷೇಪ ಬೆಳೆದು 1993ರಲ್ಲಿ ಅದು ನಿಂತಿತು. ಹಾಗೆ ಎಸೆದ ಪೆಟ್ಟಿಗೆಗಳನ್ನು ಈಗ ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ.

ಪ್ಲಾಸ್ಟಿಕ್ಕಿನ ಏಕತಾನದಿಂದ ತಪ್ಪಿಸಿಕೊಳ್ಳಲು ಎರಡು ದಾರಿಗಳು ಮೂಡಿದವು. ಒಂದು ಡಿಜಿಪ್ಯಾಕ್: ರಟ್ಟಿನ ಮಡಿಕೆ, ಒಳಗೆ ಸಿಡಿ ಕೂರಿಸಲು ಅಂಟಿಸಿದ ಪ್ಲಾಸ್ಟಿಕ್ ಟ್ರೇ. ನೋಡಲು ಚೆನ್ನ, ಆದರೆ ಸಿಡಿ ಹಿಡಿಯುವ ಹಲ್ಲುಗಳು ಮುರಿದರೆ ಜ್ಯುವೆಲ್ ಕೇಸಿನ ಹಾಗೆ ಬೇರೆ ತಂದು ಹಾಕಲು ಬರುವುದಿಲ್ಲ. ಇನ್ನೊಂದು ಜಪಾನಿನಿಂದ ಬಂದದ್ದು: ಮೂಲ ಎಲ್‌ಪಿ ಹೊದಿಕೆಯನ್ನು ಮಡಿಕೆ, ಒಳಲಕೋಟೆ, ಸೇರಿಸಿದ ಹಾಳೆಗಳ ಸಮೇತ ಸಿಡಿ ಅಳತೆಗೆ ಇಳಿಸಿದ ಕಿರು ಎಲ್‌ಪಿ ಹೊದಿಕೆ. ಅದರ ಎಡಬದಿಗೆ ಸುತ್ತಿರುವ ಕಾಗದದ ಪಟ್ಟಿಗೆ ಓಬಿ ಎನ್ನುತ್ತಾರೆ. ಬೆಲೆ, ಹಾಡುಗಳ ಹೆಸರು, ಕಂಪನಿಯ ವಿವರ ಎಲ್ಲ ಆ ಪಟ್ಟಿಯ ಮೇಲಿರುವುದರಿಂದ ಮುಖಚಿತ್ರದ ಮೇಲೆ ಏನನ್ನೂ ಮುದ್ರಿಸಬೇಕಿಲ್ಲ. ಈಗ ಲಂಡನ್ನಿನಲ್ಲಿ ತಯಾರಾಗುವ ಎಲ್‌ಪಿಗಳೂ ಓಬಿ ಸುತ್ತಿಕೊಂಡು ಬರುತ್ತಿವೆ.

2009ರ ಬೀಟಲ್ಸ್ ಮರುಬಿಡುಗಡೆಯಲ್ಲಿ ಈ ಎರಡು ದಾರಿಗಳನ್ನೂ ಒಟ್ಟಿಗೆ ನೋಡಬಹುದು. ಸ್ಟೀರಿಯೊ ಸಿಡಿಗಳು ಮಡಚುವ ರಟ್ಟಿನ ಹೊದಿಕೆಯಲ್ಲಿ, ಹೊಸ ಬರಹ ಮತ್ತು ಫೋಟೊಗಳ ಪುಸ್ತಿಕೆಯೊಂದಿಗೆ ಬಂದವು. ಮೊನೊ (ಎಡಬಲ ಎಂದು ಬೇರ್ಪಡಿಸದ ಧ್ವನಿಯ) ಪೆಟ್ಟಿಗೆಯೊಳಗಿನವು ಮೂಲ ಎಲ್‌ಪಿಗಳ ಕಿರುನಕಲುಗಳು. ಸಾಮಾನ್ಯ ಕೇಳುಗರಿಗೆ ಒಂದು, ಸಂಗ್ರಹಕಾರರಿಗೆ ಒಂದು ಎಂಬ ವಿಭಾಗ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಕಲು ಮಾಡುವುದು ಅಷ್ಟು ಸುಲಭವೇ?

"ಮೂಲ ಹೊದಿಕೆಯಂತೆಯೇ" ಎಂದು ಬರೆಯುವುದು ಸುಲಭ, ಮಾಡುವುದು ಕಷ್ಟ. ಹಳೆಯ ಮುಖಪುಟಗಳನ್ನು ಮುದ್ರಿಸಲು ಬಳಸಿದ ಫಿಲ್ಮುಗಳು ಎಷ್ಟೋ ಸಲ ಕಳೆದುಹೋಗಿರುತ್ತವೆ. ಆಗ ಉಳಿಯುವ ದಾರಿ, ಚೆನ್ನಾಗಿ ಉಳಿದ ಒಂದು ಹಳೆಯ ಪ್ರತಿಯನ್ನು ಹುಡುಕಿ ಸ್ಕ್ಯಾನ್ ಮಾಡುವುದು. ಅಚ್ಚಾದ ಚಿತ್ರವೆಂದರೆ ಹತ್ತಿರದಿಂದ ನೋಡಿದಾಗ ನಾಲ್ಕು ಬಣ್ಣದ ಸಣ್ಣ ಚುಕ್ಕೆಗಳ ರಾಶಿ. ಚುಕ್ಕೆಗಳ ಚಿತ್ರವನ್ನು ಮತ್ತೆ ಚುಕ್ಕೆಗಳಲ್ಲಿ ಮುದ್ರಿಸಿದಾಗ ಒಂದರ ಮೇಲೊಂದು ಬಿದ್ದು ಅಲೆಯಂಥ ಗೆರೆಗಳು ಏಳುತ್ತವೆ. ಅದನ್ನು ಅಡಗಿಸಲು ಚಿತ್ರವನ್ನು ಮಸುಕು ಮಾಡಿದರೆ ಮುಖಗಳು ಮೊಂಡಾಗುತ್ತವೆ, ಸಣ್ಣ ಅಕ್ಷರದ ಅಂಚು ಕರಗುತ್ತದೆ. ಮರುಬಿಡುಗಡೆಯ ಚಿತ್ರ ತೆಳುವಾಗಿ, ಕೆಂಪು ಹೆಚ್ಚಾಗಿ ಅಥವಾ ನೆರಳು ಪೂರ್ತಿ ಕಪ್ಪಾಗಿ ಕಾಣುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಐವತ್ತು ವರ್ಷದ ಪ್ರತಿಯ ಬಣ್ಣವೇ ಮಾಸಿದ್ದರೆ ಆ ಮಾಸಲೂ ಹೊಸ ಪ್ರತಿಗೆ ಬರುತ್ತದೆ.

ರಟ್ಟಿನದೂ ಒಂದು ಪ್ರಶ್ನೆ. 1960ರ ದಶಕದ ಅಮೆರಿಕದ ಹೊದಿಕೆಗಳಲ್ಲಿ ಮುದ್ರಿತ ಕಾಗದವನ್ನು ದಪ್ಪ ರಟ್ಟಿನ ಮೇಲೆ ಅಂಟಿಸಿ ಅಂಚು ಮಡಚುತ್ತಿದ್ದರು. ಇದಕ್ಕೆ ಟಿಪ್-ಆನ್ ಎಂದು ಹೆಸರು. ನಂತರ ರಟ್ಟಿನ ಮೇಲೇ ನೇರವಾಗಿ ಮುದ್ರಿಸುವುದು ಅಗ್ಗವಾಯಿತು. ಈಗಿನ ದುಬಾರಿ ಮರುಬಿಡುಗಡೆಗಳು ಟಿಪ್-ಆನ್ ಕಡೆಗೆ ಮರಳಿವೆ. ಕೈಯಲ್ಲಿ ಹಿಡಿದ ಕ್ಷಣ ವ್ಯತ್ಯಾಸ ತಿಳಿಯುತ್ತದೆ, ಬೆಲೆಯಲ್ಲೂ ತಿಳಿಯುತ್ತದೆ.

ವಿಶೇಷ ತಂತ್ರಗಳ ಹೊದಿಕೆಗಳು ಹೆಚ್ಚಾಗಿ ಮೊದಲ ಕೆಲವು ಮುದ್ರಣಗಳಲ್ಲಷ್ಟೇ ಇದ್ದವು. ರೋಲಿಂಗ್ ಸ್ಟೋನ್ಸ್‌ನ 1967ರ ದೇರ್ ಸಟಾನಿಕ್ ಮೆಜೆಸ್ಟೀಸ್ ರಿಕ್ವೆಸ್ಟ್‌ನ ಮುಖಪುಟದಲ್ಲಿ, ಓರೆಯಾಗಿಸಿದರೆ ಚಲಿಸಿದಂತೆ ಕಾಣುವ ಲೆಂಟಿಕ್ಯುಲರ್ ಚಿತ್ರ ಅಂಟಿಸಿದ್ದರು. ಖರ್ಚು ಹೆಚ್ಚಾದ್ದರಿಂದ ಮುಂದಿನ ಮುದ್ರಣಗಳಲ್ಲಿ ಅದು ಬರೀ ಫೋಟೊ ಆಯಿತು. ಐವತ್ತನೇ ವರ್ಷದ 2017ರ ಆವೃತ್ತಿಯಲ್ಲಿ ಲೆಂಟಿಕ್ಯುಲರ್ ಮರಳಿತು. ಲೆಡ್ ಜೆಪ್ಲಿನ್ ಚಕ್ರ 2014ರ ಎಲ್‌ಪಿಯಲ್ಲಿ ಮತ್ತೆ ತಿರುಗಿತು; ಸ್ಟಿಕಿ ಫಿಂಗರ್ಸ್‌ನ ಜಿಪ್ 2015ರಲ್ಲಿ ಮರಳಿತು. ಹಾಗಾಗಿ "ಮೂಲದಂತೆ" ಎಂಬ ಮಾತು ಕಂಡಾಗ, ಯಾವ ವರ್ಷದ, ಯಾವ ದೇಶದ ಮುದ್ರಣದಂತೆ ಎಂದು ಕೇಳುವುದು ಸರಿ. ಸ್ಟಿಕಿ ಫಿಂಗರ್ಸ್‌ನ ಜೀನ್ಸ್ ಚಿತ್ರಕ್ಕೆ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯ ಸ್ಪೇನ್ ಒಪ್ಪದೆ, ಅಲ್ಲಿ ಡಬ್ಬಿಯಿಂದ ಬೆರಳುಗಳು ಮೇಲೆ ಚಾಚಿದ ಬೇರೆಯೇ ಮುಖಪುಟ ಬಂದಿತ್ತು.

ಕಾನೂನೂ ಅಡ್ಡ ಬರುತ್ತದೆ. ರೋಲಿಂಗ್ ಸ್ಟೋನ್ಸ್‌ನ 1978ರ ಸಮ್ ಗರ್ಲ್ಸ್‌ನ ಹೊದಿಕೆಯಲ್ಲಿ ಹೆಸರಾಂತ ನಟಿಯರ ಮುಖಗಳಿದ್ದವು, ಅನುಮತಿ ಇರಲಿಲ್ಲ. ಲೂಸಿಲ್ ಬಾಲ್, ರಾಕೆಲ್ ವೆಲ್ಚ್ ಮುಂತಾದವರ ಕಡೆಯಿಂದ ಮೊಕದ್ದಮೆಯ ಬೆದರಿಕೆ ಬಂದು, ಆ ಮುಖಗಳ ಜಾಗ ಖಾಲಿ ಬಿಟ್ಟು ಮತ್ತೆ ಮುದ್ರಿಸಿದರು. ಇನ್ನು ಕೆಲವೆಡೆ ಬದಲಾಗುವುದು ಕಂಪನಿಯ ಮುದ್ರೆ. 2012ರಲ್ಲಿ ಇಎಂಐ ಕಂಪನಿಯ ಸಂಗೀತ ವಿಭಾಗವನ್ನು ಯೂನಿವರ್ಸಲ್ ಕೊಂಡಿತು. 2013ರಲ್ಲಿ ಅದರ ಒಂದು ಪಾಲು ವಾರ್ನರ್‌ಗೆ ಹೋಯಿತು. ಬೀಟಲ್ಸ್ ಒಂದು ಕಡೆ ಉಳಿದರು, ಪಿಂಕ್ ಫ್ಲಾಯ್ಡ್ ಮತ್ತು ಜೆಥ್ರೊ ಟಲ್ ಇನ್ನೊಂದು ಕಡೆ ಹೋದರು. ಹಿಂಬದಿಯ ಅಡಿಯಲ್ಲಿರುವ ಸಣ್ಣಕ್ಷರದ ಸಾಲುಗಳು ಹೀಗೆ ಸೇರಿಕೊಂಡವು, ಬಾರ್‌ಕೋಡ್ ಕೂಡ ನಂತರ ಬಂದದ್ದು. ಮೂಲ ವಿನ್ಯಾಸಕ ಅವುಗಳಿಗೆ ಜಾಗ ಬಿಟ್ಟಿರಲಿಲ್ಲ.

ಸೂಪರ್ ಡೀಲಕ್ಸ್ ಪೆಟ್ಟಿಗೆಯಲ್ಲಿ ಏನಿರುತ್ತದೆ, ಯಾಕಿರುತ್ತದೆ

ಸಾಮಾನ್ಯವಾಗಿ ಮೂರು ಮೆಟ್ಟಿಲು. ಸ್ಟಾಂಡರ್ಡ್ ಎಂದರೆ ಆಲ್ಬಮ್ ಮಾತ್ರ. ಡೀಲಕ್ಸ್ ಎಂದರೆ ಜೊತೆಗೆ ಇನ್ನೊಂದೆರಡು ತಟ್ಟೆ. ಸೂಪರ್ ಡೀಲಕ್ಸ್ ಎಂದರೆ ಪೆಟ್ಟಿಗೆ: ಅಭ್ಯಾಸದ ಟೇಕ್‌ಗಳು, ಹೊರಬರದ ಹಾಡುಗಳು, ಸುತ್ತಲಿಂದ ಕೇಳಿಸುವ 5.1 ಧ್ವನಿಯ ಬ್ಲೂ-ರೇ, ಗಟ್ಟಿ ರಟ್ಟಿನ ಪುಸ್ತಕ, ಭಿತ್ತಿಚಿತ್ರ. ಈ ಹೆಸರುಗಳಿಗೆ ಯಾವ ನಿಯಮವೂ ಇಲ್ಲ. ಒಂದು ಕಂಪನಿಯ ಡೀಲಕ್ಸ್ ಇನ್ನೊಂದರ ಸ್ಟಾಂಡರ್ಡ್ ಆಗಿರಬಹುದು.

ಸಾರ್ಜೆಂಟ್ ಪೆಪ್ಪರ್ಸ್‌ನ 2017ರ ಪೆಟ್ಟಿಗೆಯಲ್ಲಿ ನಾಲ್ಕು ಸಿಡಿ, ಒಂದು ಡಿವಿಡಿ, ಒಂದು ಬ್ಲೂ-ರೇ, 144 ಪುಟಗಳ ಪುಸ್ತಕ ಇದ್ದವು. ಲೆಡ್ ಜೆಪ್ಲಿನ್ ಆಲ್ಬಮ್‌ಗಳನ್ನು ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ 2014 ಮತ್ತು 2015ರಲ್ಲಿ ರೀಮಾಸ್ಟರ್ ಮಾಡಿಸಿ ತಂದಾಗ ಒಂದು ಚುರುಕಾದ ಉಪಾಯ ಮಾಡಿದರು. ಮೂಲ ಆಲ್ಬಮ್‌ಗೆ ಮೂಲ ಮುಖಪುಟ. ಹೊಸದಾಗಿ ಸೇರಿಸಿದ ತಟ್ಟೆಗೆ ಅದೇ ಚಿತ್ರ, ಬಣ್ಣಗಳನ್ನು ತಿರುವುಮುರುವು ಮಾಡಿ. ಪೆಟ್ಟಿಗೆ ತೆರೆದ ಕೂಡಲೇ ಯಾವುದು ಹಳೆಯದು, ಯಾವುದು ಸೇರಿಸಿದ್ದು ಎಂದು ಒಂದಕ್ಷರ ಓದದೆಯೂ ಗೊತ್ತಾಗುತ್ತದೆ. ಹೊದಿಕೆ ಮಾಹಿತಿ ಕೊಡುವುದಕ್ಕೆ ಇಷ್ಟು ಸೊಗಸಾದ ಇನ್ನೊಂದು ಉದಾಹರಣೆ ನೆನಪಿಗೆ ಬರುವುದಿಲ್ಲ.

ಇನ್ನೊಂದು ತುದಿಯಲ್ಲಿ ಪಿಂಕ್ ಫ್ಲಾಯ್ಡ್‌ನ ಡಾರ್ಕ್ ಸೈಡ್ ಆಫ್ ದ ಮೂನ್‌ನ 2011ರ ಇಮ್ಮರ್ಷನ್ ಪೆಟ್ಟಿಗೆ. 1973ರ ಮೂಲ ಎಲ್‌ಪಿಯಲ್ಲಿ ಭಿತ್ತಿಚಿತ್ರಗಳು, ಸ್ಟಿಕರ್‌ಗಳು ಇದ್ದವು, ನಿಜ. ಈ ಪೆಟ್ಟಿಗೆಯಲ್ಲಿ ಆರು ತಟ್ಟೆಗಳ ಜೊತೆ ಒಂದು ಸ್ಕಾರ್ಫ್, ಗ್ಲಾಸಿನ ಕೆಳಗಿಡುವ ಕೋಸ್ಟರ್‌ಗಳು, ಮೇಲಾಗಿ ಗಾಜಿನ ಗೋಲಿಗಳು. ಗೋಲಿಗಳೇಕೆ ಎಂಬುದು ಅಭಿಮಾನಿಗಳ ನಡುವೆ ಇಂದಿಗೂ ನಗೆಯ ವಿಷಯ. ಇದೇ ತಂಡದ 1995ರ ಪಲ್ಸ್ ಸಿಡಿಯ ಬೆನ್ನಿನ ಮೇಲೆ ಬ್ಯಾಟರಿಯಿಂದ ಮಿನುಗುವ ಕೆಂಪು ದೀಪವಿತ್ತು ಎಂಬುದನ್ನು ನೆನೆದರೆ ಇದು ಮನೆತನದ ಚಾಳಿ ಎನ್ನಬೇಕು.

ಪೆಟ್ಟಿಗೆ ಯಾಕೆ ಇಷ್ಟು ದೊಡ್ಡದು? ಹಾಡುಗಳನ್ನು ಫೋನಿನಲ್ಲಿ ಕೇಳಲು ಸಿಗುವ ಕಾಲದಲ್ಲಿ ವಸ್ತುವಾಗಿ ಮಾರಬಹುದಾದದ್ದು ಹೊದಿಕೆ, ಪುಸ್ತಕ, ಕಾಗದ. ಹಾಗಾಗಿ ಅವೇ ಹೆಚ್ಚುತ್ತವೆ. ಅಭ್ಯಾಸದ ಟೇಕ್‌ಗಳು ಹೊರಬರುವುದಕ್ಕೆ ಮಾತ್ರ ಇನ್ನೊಂದು ಕಾರಣವೂ ಇದೆ. ಐರೋಪ್ಯ ಒಕ್ಕೂಟ 2011ರಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಆದರೆ ಐವತ್ತು ವರ್ಷದೊಳಗೆ ಬಿಡುಗಡೆಯೇ ಆಗದ ಮುದ್ರಣಕ್ಕೆ ಆ ಲಾಭವಿಲ್ಲ. ಆದ್ದರಿಂದ ಕಪಾಟಿನಲ್ಲಿ ಬಿದ್ದಿರುವ ಟೇಪುಗಳನ್ನು ಗಡುವಿನೊಳಗೆ ಹೇಗಾದರೂ ಹೊರತರುವ ಅವಸರ. ಬಾಬ್ ಡಿಲನ್‌ನ 1962ರ ಕೆಲವು ಮುದ್ರಣಗಳು 2012ರ ಕೊನೆಯಲ್ಲಿ ಯುರೋಪಿನಲ್ಲಿ ಸುಮಾರು ನೂರೇ ಪ್ರತಿಗಳಲ್ಲಿ, ಅಲಂಕಾರವಿಲ್ಲದ ಹೊದಿಕೆಯಲ್ಲಿ ಬಂದದ್ದು ಇದೇ ಕಾರಣಕ್ಕೆ.

ಸ್ಟಿಕರ್ ಹೇಳುವುದೆಷ್ಟು

ಹೊದಿಕೆಯ ಮೇಲೆ ಹೆಚ್ಚು ದೊಡ್ಡದಾಗಿ ಬರೆದದ್ದು ಹೆಚ್ಚು ಮುಖ್ಯವಾದದ್ದಲ್ಲ. "180 ಗ್ರಾಂ" ಎಂಬುದು ತಟ್ಟೆಯ ತೂಕ. ಸಾಮಾನ್ಯ ಎಲ್‌ಪಿ 120ರಿಂದ 140 ಗ್ರಾಂ ತೂಗುತ್ತದೆ. ದಪ್ಪ ತಟ್ಟೆ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಆದರೆ ಧ್ವನಿ ಇರುವುದು ಮೇಲ್ಮೈಯ ಗೀರಿನಲ್ಲಿ, ತೂಕದಲ್ಲಲ್ಲ. "ಹಾಫ್ ಸ್ಪೀಡ್" ಎಂದರೆ ಮೂಲ ಅಚ್ಚು ಕೊರೆಯುವಾಗ ಟೇಪನ್ನೂ ಕೊರೆಯುವ ಯಂತ್ರವನ್ನೂ ಅರ್ಧ ವೇಗದಲ್ಲಿ ಓಡಿಸಿದ್ದಾರೆ ಎಂದು. ಹೀಗೆ ಮಾಡಿದರೆ ಮೇಲಿನ ಸ್ವರಗಳನ್ನು ಕೊರೆಯಲು ಸೂಜಿಗೆ ಹೆಚ್ಚು ಸಮಯ ಸಿಗುತ್ತದೆ. ಇದು ಮಾಸ್ಟರಿಂಗಿಗೆ ಸಂಬಂಧಿಸಿದ ನಿಜವಾದ ವಿಷಯ, ತೂಕದಂತಲ್ಲ.

"ಮೂಲ ಮಾಸ್ಟರ್ ಟೇಪಿನಿಂದ" ಎಂಬ ಮಾತು ಎಲ್ಲಕ್ಕಿಂತ ಜಾರುವಂಥದ್ದು. ಟೇಪಿನಿಂದ ತಟ್ಟೆಗೆ ಹೋಗುವ ದಾರಿಯಲ್ಲಿ ಡಿಜಿಟಲ್ ಹಂತ ಇತ್ತೇ ಇಲ್ಲವೇ ಎಂದು ಅದು ಹೇಳುವುದಿಲ್ಲ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ತನ್ನ ದುಬಾರಿ ಎಲ್‌ಪಿಗಳ ಹೊದಿಕೆಯ ನೆತ್ತಿಯ ಮೇಲೆ "ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್" ಎಂಬ ಪಟ್ಟಿ ಹಾಕುತ್ತಿತ್ತು. ಕೊಳ್ಳುವವರು ಅದನ್ನು ಪೂರ್ತಿ ಅನಲಾಗ್, ಅಂದರೆ ಧ್ವನಿಯನ್ನು ಎಲ್ಲೂ ಅಂಕಿಗಳಾಗಿ ಬದಲಿಸದೆ ಮಾಡಿದ್ದು, ಎಂದು ತಿಳಿದಿದ್ದರು. ಹಲವು ತಟ್ಟೆಗಳಿಗೆ ನಡುವೆ ಡಿಜಿಟಲ್ ನಕಲು ಬಳಸಿದ್ದಾರೆಂದು 2022ರ ಜುಲೈನಲ್ಲಿ ಬಯಲಾದಾಗ ದೊಡ್ಡ ಗದ್ದಲವೇ ಎದ್ದಿತು. ವಿಷಯ ನ್ಯಾಯಾಲಯಕ್ಕೆ ಹೋಗಿ ರಾಜಿಯಲ್ಲಿ ಮುಗಿಯಿತು. ಆ ತಟ್ಟೆಗಳ ಧ್ವನಿಯನ್ನು ಅಲ್ಲಿಯವರೆಗೆ ಹೊಗಳಿದವರೇ ಹೆಚ್ಚು. ತಕರಾರು ಇದ್ದದ್ದು ಹೊದಿಕೆ ಹೇಳಿದ್ದರ ಬಗ್ಗೆ, ಅದಕ್ಕಿಂತಲೂ ಹೇಳದೆ ಬಿಟ್ಟದ್ದರ ಬಗ್ಗೆ.

ಹಳೆಯ ಸಿಡಿಗಳು ಈ ವಿಷಯದಲ್ಲಿ ಹೆಚ್ಚು ನೇರವಾಗಿದ್ದವು. ಹಿಂಬದಿಯಲ್ಲಿ ಎಎಡಿ, ಎಡಿಡಿ, ಡಿಡಿಡಿ ಎಂಬ ಮೂರಕ್ಷರ ಇರುತ್ತಿತ್ತು. ಮೊದಲನೆಯದು ರೆಕಾರ್ಡಿಂಗ್, ಎರಡನೆಯದು ಮಿಕ್ಸಿಂಗ್, ಮೂರನೆಯದು ಮಾಸ್ಟರಿಂಗ್. ಎ ಎಂದರೆ ಅನಲಾಗ್, ಡಿ ಎಂದರೆ ಡಿಜಿಟಲ್. ಈಗಿನ ಮರುಬಿಡುಗಡೆಗಳಲ್ಲಿ ಇದು ಕಾಣುವುದು ಅಪರೂಪ. ಇನ್ನು ರೀಮಾಸ್ಟರ್ ಮಾಡುವಾಗ ಮೆಲುದನಿಯನ್ನೂ ಏರಿಸಿ ಎಲ್ಲವನ್ನೂ ಒಂದೇ ಸಮ ಜೋರಾಗಿಸಿದ್ದಾರೆಯೇ ಎಂಬುದನ್ನಂತೂ ಯಾವ ಸ್ಟಿಕರೂ ಹೇಳುವುದಿಲ್ಲ. 1990ರ ದಶಕದಿಂದೀಚಿನ ಎಷ್ಟೋ ರೀಮಾಸ್ಟರ್‌ಗಳ ಮೇಲಿರುವ ಮುಖ್ಯ ದೂರು ಅದೇ.

ಹಾಗಾದರೆ ಎಲ್ಲಿ ನೋಡಬೇಕು? ಹಿಂಬದಿಯಲ್ಲಿ, ಪುಸ್ತಿಕೆಯ ಕೊನೆಯ ಪುಟದಲ್ಲಿ. ಯಾರು ಮಾಸ್ಟರ್ ಮಾಡಿದರು, ಯಾವ ಸ್ಟುಡಿಯೋದಲ್ಲಿ, ಯಾವ ವರ್ಷ, ಯಾವ ಟೇಪಿನಿಂದ ಎಂದು ಹೆಸರು ಹಿಡಿದು ಬರೆದಿದ್ದರೆ ಅದು ಒಳ್ಳೆಯ ಲಕ್ಷಣ. "ಡಿಜಿಟಲಿ ರೀಮಾಸ್ಟರ್ಡ್" ಎಂದಷ್ಟೇ ಇದ್ದು ಹೆಸರಿಲ್ಲದಿದ್ದರೆ ಏನೂ ಹೇಳಿದಂತಾಗಲಿಲ್ಲ. ಎಲ್‌ಪಿಯಲ್ಲಿ ಇನ್ನೂ ಒಂದು ಜಾಗವಿದೆ: ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ನುಣುಪು ಪಟ್ಟಿ. ಅಚ್ಚು ಕೊರೆದವರು ಅಲ್ಲಿ ತಮ್ಮ ಗುರುತು ಗೀಚುವ ರೂಢಿ. ಲೆಡ್ ಜೆಪ್ಲಿನ್‌ನ 1969ರ ಎರಡನೇ ಆಲ್ಬಮ್‌ನ ಮೊದಲ ಅಮೆರಿಕನ್ ಮುದ್ರಣಗಳಲ್ಲಿ ಬಾಬ್ ಲುಡ್ವಿಗ್‌ನ ಮೊದಲಕ್ಷರಗಳಿವೆ. ಅವನು ಕೊರೆದ ಧ್ವನಿ ಎಷ್ಟು ಜೋರಾಗಿತ್ತೆಂದರೆ ಅಗ್ಗದ ಯಂತ್ರಗಳಲ್ಲಿ ಸೂಜಿ ಹಾರುತ್ತಿತ್ತು, ಹಾಗಾಗಿ ಬೇಗನೆ ಬೇರೆ ಅಚ್ಚು ಬಂತು. ಈಗ ಆ ಎರಡಕ್ಷರ ಇರುವ ಪ್ರತಿಗೆ ಬೆಲೆ ಬೇರೆ.

ಕಾಪಾಡುವ ಕೆಲಸ

ಹೊದಿಕೆ ಹುಟ್ಟಿದ್ದೇ ತಟ್ಟೆಯನ್ನು ಉಳಿಸಲು. ದುಬಾರಿ ಪೆಟ್ಟಿಗೆಗಳು ಹೆಚ್ಚಾಗಿ ಎಡವುವುದು ಇಲ್ಲೇ. ಪುಸ್ತಕದಂತಿರುವ ಹೊದಿಕೆಗಳಲ್ಲಿ ಸಿಡಿಯನ್ನು ರಟ್ಟಿನ ಸೀಳಿನೊಳಗೆ ತುರುಕಿರುತ್ತಾರೆ. ಎಳೆದಾಗಲೆಲ್ಲ ಹಾಡಿರುವ ಬದಿ ರಟ್ಟಿಗೆ ಉಜ್ಜುತ್ತದೆ, ಒಮ್ಮೊಮ್ಮೆ ಅಂಟೂ ಮೆತ್ತಿಕೊಂಡಿರುತ್ತದೆ. ಎಲ್‌ಪಿಗಳಿಗೆ ಚಿತ್ರ ಮುದ್ರಿಸಿದ ದಪ್ಪ ಕಾಗದದ ಒಳಲಕೋಟೆ ನೋಡಲು ಚಂದ, ಆದರೆ ಅದು ಸಣ್ಣ ಗೀರು ಮತ್ತು ಕಾಗದದ ಧೂಳು ಬಿಡುತ್ತದೆ. ಒಳಪದರಕ್ಕೆ ಪಾಲಿಥೀನ್ ಇರುವ ಲಕೋಟೆಗಳು ಬೇರೆಯಾಗಿ ಸಿಗುತ್ತವೆ. ತಟ್ಟೆಯನ್ನು ಅದರಲ್ಲಿಟ್ಟು ಮೂಲ ಲಕೋಟೆಯನ್ನು ಪಕ್ಕದಲ್ಲಿ ಇಡುವುದು ಸಂಗ್ರಹಕಾರರ ಪದ್ಧತಿ. ಪಿವಿಸಿ ಹಾಳೆಯ ಪಾರದರ್ಶಕ ಹೊದಿಕೆಗಳನ್ನು ಮಾತ್ರ ದೂರವಿಡಬೇಕು. ಅದರಿಂದ ಒಸರುವ ರಾಸಾಯನಿಕ ವರ್ಷಗಳು ಕಳೆದಂತೆ ವಿನೈಲಿನ ಮೇಲೆ ಅಳಿಸಲಾಗದ ಮಂಜು ಕೂರಿಸುತ್ತದೆ.

ಹಳೆಯ ಸಿಡಿ ಪೆಟ್ಟಿಗೆಗಳಲ್ಲಿ ತಟ್ಟೆ ಅಲುಗದಿರಲೆಂದು ಸ್ಪಂಜಿನ ತುಂಡು ಇಡುತ್ತಿದ್ದರು. ಅದು ಕಾಲಕ್ರಮೇಣ ಪುಡಿಯಾಗಿ, ಜಿಗುಟಾಗಿ ಸಿಡಿಗೆ ಅಂಟಿಕೊಳ್ಳುತ್ತದೆ. 1980ರ ದಶಕದ ಜೋಡಿ ಸಿಡಿಗಳು ಮನೆಯಲ್ಲಿದ್ದರೆ ತೆರೆದು ನೋಡಿ, ಸ್ಪಂಜಿದ್ದರೆ ಇಂದೇ ತೆಗೆದು ಬಿಸಾಡಿ.

ಹೊದಿಕೆಯೇ ತಟ್ಟೆಗೆ ಮುಳುವಾದ ಇನ್ನೊಂದು ಪ್ರಕರಣ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನದು. ಅಲ್ಲಿನ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ತಯಾರಾದ ಅನೇಕ ಸಿಡಿಗಳು ಅಂಚಿನಿಂದ ಒಳಕ್ಕೆ ಕಂಚಿನ ಬಣ್ಣಕ್ಕೆ ತಿರುಗಿ ಕೊನೆಗೆ ಓಡುವುದೇ ನಿಂತವು. ಬೆಳಕು ಪ್ರತಿಫಲಿಸುವ ಪದರಕ್ಕೆ ಬೆಳ್ಳಿ ಬಳಸಿದ್ದರು, ಅದರ ಮೇಲಿನ ಲೇಪ ಗಂಧಕವನ್ನು ತಡೆಯುವಂಥದ್ದಾಗಿರಲಿಲ್ಲ. ಗಂಧಕ ಬಂದದ್ದು ಪುಸ್ತಿಕೆ ಮತ್ತು ಹೊದಿಕೆಯ ಕಾಗದದಿಂದ. ಆ ವರ್ಷಗಳ ಬ್ರಿಟಿಷ್ ಸಿಡಿ ಕೈಯಲ್ಲಿದ್ದರೆ ಹಾಡಿರುವ ಬದಿಯನ್ನು ತಿರುಗಿಸಿ ನಡುವಿನ ತೂತಿನ ಸುತ್ತ ಓದಿ. ಪಿಡಿಒ ಎಂದಿದ್ದು ಅಂಚು ಕಂದಾಗಿದ್ದರೆ, ಇನ್ನೂ ಓಡುತ್ತಿರುವಾಗಲೇ ಅದರ ನಕಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.